ಟೋಪಿಯ ಸುತ್ತ ಬಳಸಿದ ಗೆರೆ

“ಏ ಲಾನ್ಸ್, ಟೋಪಿ ಮುಟ್ಟಬೇಡ! ಅದನ್ನ ಅಲ್ಲೇ ಬಿಟ್ಟು ಸುತ್ತ ಎಳಿ!”

ಐವಿ ಪೆಂಗೆಲ್ಲಿ ತನ್ನ ಹಿತ್ತಲ ಬೇಲಿಗೆ ಒರಗಿ ಕೂಗಿದ್ದು ಗಾಲ್ಫ್ ಮೈದಾನದ ಏಳನೇ ಕುಳಿಯವರೆಗೂ ಸ್ಪಷ್ಟವಾಗಿ ಕೇಳಿಸಿತು. ಕೈಕುಂಟೆ ಹಿಡಿದಿದ್ದ ಮಾಂಸದಂಗಡಿಯ ಲಾನ್ಸ್, ಮೇಷ್ಟರಿಂದ ಬೈಸಿಕೊಂಡ ಹುಡುಗನ ಹಾಗೆ ನಿಂತುಬಿಟ್ಟ. ಅವನ ಕಾಲ ಬಳಿ, ಕಪ್ಪು ಮರಳಿನ ಅಂಚಿನಲ್ಲಿ, ಕ್ಲಾರಿ ಪೆಂಗೆಲ್ಲಿಯ ಹಳೆಯ ಟೋಪಿ ಕೂತಿತ್ತು.

ಬೆಳಿಗ್ಗೆ ಪಂದ್ಯ ಶುರುವಾಗುವ ಮೊದಲು ಐವಿಯೇ ಅದನ್ನು ತಂದಿಟ್ಟಿದ್ದಳು. ಹೋದ ವರ್ಷ ಗಂಡ ಬಿದ್ದು ಸತ್ತ ಜಾಗ ಅದು, ಇವತ್ತು ಅವನ ಹೆಸರಿನ ಪಂದ್ಯ, ಅವನ ಟೋಪಿ ಅಲ್ಲಿರಬೇಕು ಎಂದಳು. ಅವಳ ಮಾತಿಗೆ ಎದುರಾಡುವ ಗಂಡಸು ಇಡೀ ಕ್ಲಬ್ಬಿನಲ್ಲಿ ಇರಲಿಲ್ಲ.

“ಆಯ್ತು ಕಣಮ್ಮ, ಆಯ್ತು,” ಎಂದು ಗೊಣಗುತ್ತ ಲಾನ್ಸ್ ಕುಂಟೆ ಎಳೆಯತೊಡಗಿದ. ಕುಳಿಯ ಬಾಯಿಂದ ಶುರುಮಾಡಿ, ಸುತ್ತು ಸುತ್ತಾಗಿ ಹೊರಕ್ಕೆ.

ವಿಲ್ಗಂಡಿ ಊರಿನ ಮೈದಾನದಲ್ಲಿ ಕುಳಿಯ ಸುತ್ತ ಹುಲ್ಲಿನ ಗ್ರೀನ್ ಇಲ್ಲ. ಕುರಿಗಳಿಗೇ ನೀರಿಲ್ಲದ ಬಯಲಿನಲ್ಲಿ ಹುಲ್ಲಿಗೆ ಎಲ್ಲಿಂದ ತರುತ್ತಾರೆ? ಎಂಜಿನ್ನಿನ ಹಳೆ ಎಣ್ಣೆ ಕಲೆಸಿದ ಮರಳೇ ಅವರ ಗ್ರೀನು. ಆಡಿ ಮುಗಿಸಿದವರು ತಮ್ಮ ಹೆಜ್ಜೆ ಗುರುತುಗಳನ್ನೆಲ್ಲ ಅಳಿಸಿ, ಮರಳನ್ನು ಸಮ ಮಾಡಿ, ಹಿಂದೆ ಬರುವವರಿಗೆ ಬಿಟ್ಟುಕೊಡಬೇಕು. ಹೆಂಡತಿಗೆ ಹೇಳದೆ ಊರು ಬಿಟ್ಟವನನ್ನು ಕೂಡ ವಿಲ್ಗಂಡಿ ಕ್ಷಮಿಸಿದ್ದುಂಟು. ಕುಂಟೆ ಎಳೆಯದೆ ಗ್ರೀನ್ ಬಿಟ್ಟವನನ್ನು ಮಾತ್ರ ಇವತ್ತಿನವರೆಗೆ ಕ್ಷಮಿಸಿಲ್ಲ.

ಸಾರ್ಜೆಂಟ್ ರೊವೀನಾ ಕ್ವಿಲ್ಟಿ ತನ್ನ ದಾಂಡನ್ನು ಹೆಗಲ ಮೇಲಿಟ್ಟುಕೊಂಡು ನೋಡುತ್ತ ನಿಂತಿದ್ದಳು. ಊರಿಗೆಲ್ಲ ಅವಳೊಬ್ಬಳೇ ಪೊಲೀಸು. ಆಟದಲ್ಲಿ ಅವಳು ತೀರಾ ದಂಡ. ಆರು ಕುಳಿ ಮುಗಿಯುವಷ್ಟರಲ್ಲಿ ಎರಡು ಚೆಂಡು ಕಳೆದುಕೊಂಡು, ಒಂದನ್ನು ಕಾಗೆಯ ಪಾಲು ಮಾಡಿ, ಜೊತೆಯವರಿಂದ ಸಾಕಷ್ಟು ನಗೆಪಾಟಲಿಗೆ ಈಡಾಗಿದ್ದಳು. ಬಂದದ್ದು ಆಟಕ್ಕಲ್ಲ. ಊರಿನವರೆಲ್ಲ ಒಂದೇ ಕಡೆ ಸೇರುವ ದಿನ, ಇನ್ನೂ ಬಗೆಹರಿಯದ ಕ್ಲಾರಿಯ ಸಾವಿನ ಸುಳಿವು ಯಾರ ಮುಖದಲ್ಲಾದರೂ ಕಂಡೀತು ಎಂಬ ಆಸೆಗೆ.

ಮುಖದಲ್ಲಿ ಏನೂ ಕಾಣಲಿಲ್ಲ. ಕಂಡದ್ದು ಮರಳಿನಲ್ಲಿ.

ಲಾನ್ಸ್‌ನ ಕುಂಟೆ ಎಳೆದ ಗೆರೆಗಳು ಒಂದರ ಪಕ್ಕ ಒಂದು ಉಂಗುರವಾಗಿ ಬಂದವು. ಟೋಪಿಯ ಹತ್ತಿರ ಬಂದಾಗ ಒಳಕ್ಕೆ ಬಾಗಿ, ಟೋಪಿಯನ್ನು ಬಳಸಿಕೊಂಡು, ಮತ್ತೆ ತಮ್ಮ ದಾರಿ ಹಿಡಿದವು. ರೊವೀನಾ ಬಗ್ಗಿ ನೋಡಿದಳು. ಈ ಬಾಗನ್ನು ಅವಳು ಮೊದಲೇ ನೋಡಿದ್ದಳು. ಎಲ್ಲಿ?

ಜೇಬಿನಿಂದ ಮೊಬೈಲ್ ತೆಗೆದಳು. ಹೋದ ವರ್ಷದ ಚಿತ್ರಗಳು ಇನ್ನೂ ಅದರಲ್ಲೇ ಇದ್ದವು. ಅವಳೇ ತೆಗೆದದ್ದು, ಇದೇ ಜಾಗದಲ್ಲಿ, ಆಂಬುಲೆನ್ಸ್ ಬರುವ ಮೊದಲು.

ಕ್ಲಾರಿ ಅಂಗಾತ ಬಿದ್ದಿದ್ದ. ತಲೆ ಒಣಹುಲ್ಲಿನ ಮೇಲೆ, ನಲ್ಲಿಯ ಕಬ್ಬಿಣದ ಕಂಬದ ಬುಡಕ್ಕೆ. ತಲೆಯ ಹಿಂದೆ ಆಗಿದ್ದ ಗಾಯ ಆ ಕಂಬ ಬಡಿದು ಆಗಿರಬಹುದು, ಯಾರೋ ಹೊಡೆದೂ ಆಗಿರಬಹುದು ಎಂದು ಡಾಕ್ಟರು ಎರಡು ದೋಣಿಯ ಮೇಲೂ ಕಾಲಿಟ್ಟು ಬರೆದಿದ್ದರು. ದೇಹವೆಲ್ಲ ಹುಲ್ಲಿನ ಮೇಲಿದ್ದರೂ ಎಡಗೈ ಮಾತ್ರ ಮರಳಿನ ಮೇಲೆ ಚಾಚಿಕೊಂಡಿತ್ತು. ಮರಳಿನ ಗೆರೆಗಳು ಸುತ್ತಿ ಬಂದು ಆ ಕೈಯ ಹತ್ತಿರ ಬಾಗಿ, ಬೆರಳುಗಳನ್ನು ಬಳಸಿಕೊಂಡು, ಮುಂದೆ ಹೋಗಿದ್ದವು.

ಅವಳು ಮತ್ತೆ ಮತ್ತೆ ನೋಡಿದಳು. ಕೈಯ ಕೆಳಗೆ ಗೆರೆಗಳಿರಲಿಲ್ಲ. ಕೈಯ ಸುತ್ತ ಇದ್ದವು.

ಅಂದರೆ ಕ್ಲಾರಿ ಕುಂಟೆ ಎಳೆದು ಮುಗಿಸಿ ಬಿದ್ದದ್ದಲ್ಲ. ಅವನು ಬಿದ್ದ ಮೇಲೆ, ಯಾರೋ, ಕುಳಿಯಿಂದ ಅಂಚಿನವರೆಗೆ, ಒಂದು ಸುತ್ತೂ ಬಿಡದೆ ಕುಂಟೆ ಎಳೆದಿದ್ದರು.

ಒಂದು ವರ್ಷ! ಈ ಚಿತ್ರವನ್ನು ಅವಳು ನೋಡಿದ್ದಕ್ಕೆ ಲೆಕ್ಕವೇ ಇಲ್ಲ. ನಗರದ ಇನ್ಸ್‌ಪೆಕ್ಟರ್ ನೋಡಿದ್ದ, ಅವನಿಗೆ ಮರಳು ಬರಿ ಮರಳು. ಆದರೆ ಅವಳು? ಈ ಮೈದಾನದಲ್ಲೇ ಅಂಬೆಗಾಲಿಟ್ಟವಳು? ಗ್ರೀನ್ ಹಾಳುಬಿದ್ದಂತೆ ಬಿಟ್ಟಿದ್ದರೆ ಅವತ್ತೇ ಕಣ್ಣಿಗೆ ರಾಚುತ್ತಿತ್ತು. ಅಚ್ಚುಕಟ್ಟಾಗಿತ್ತು, ಅದಕ್ಕೇ ಕಾಣಲಿಲ್ಲ. ತನ್ನ ಮೇಲೆಯೇ ಅವಳಿಗೆ ಕೆಟ್ಟ ಕೋಪ ಬಂತು.

ಕೋಪದ ಹಿಂದೆಯೇ ಗೊಂದಲ. ಹೆಜ್ಜೆ ಗುರುತು ಅಳಿಸಬೇಕು ಎಂದು ಯಾರಾದರೂ ಎಳೆದರೆ? ಹಾಗಾದರೆ ಗಡಿಬಿಡಿಯಲ್ಲಿ ಅಡ್ಡಾದಿಡ್ಡಿ ಎಳೆದು ಓಡಿಹೋಗುತ್ತಿದ್ದರು. ಇದು ಹಾಗಿಲ್ಲ. ಮನೆಯಂಗಳ ಗುಡಿಸಿದಷ್ಟು ನಿಧಾನ, ನೆಮ್ಮದಿ. ಪಕ್ಕದಲ್ಲಿ ಮನುಷ್ಯ ಬಿದ್ದಿರುವಾಗ ಅಷ್ಟು ನೆಮ್ಮದಿಯಾಗಿ ಕುಂಟೆ ಎಳೆಯುವವರು ಯಾರು? ಅದೂ ಕೈಗೆ ತಾಗದ ಹಾಗೆ, ಅಷ್ಟು ಜೋಪಾನವಾಗಿ?

ಒಂದು ಮಾತು ಮಾತ್ರ ಖಚಿತ. ಹೊರಗಿನವರು ಯಾರೂ ಈ ಕೆಲಸ ಮಾಡುವುದಿಲ್ಲ. ಅಂಥ ಹೊತ್ತಿನಲ್ಲಿ ಅಂಥ ಕೆಲಸ ಮಾಡಲು ವಿಲ್ಗಂಡಿಯ ಗಾಲ್ಫಿನವರೇ ಆಗಬೇಕು.

“ಏನಮ್ಮ ರೋ, ಕಲ್ಲಾಗಿಬಿಟ್ಟೆ? ಹಿಂದಿನವರು ಕಾಯ್ತಾ ಇದ್ದಾರೆ.”

ಕ್ಲಬ್ಬಿನ ಪುಟ್ಟ ಗಾಡಿಯಲ್ಲಿ ಬಂದವನು ಅವಳ ಅಪ್ಪ, ಬ್ಯಾಸಿಲ್ ಕ್ವಿಲ್ಟಿ. ಕ್ಲಬ್ಬಿನ ಕ್ಯಾಪ್ಟನ್. ಈ ಪಂದ್ಯ ನಡೆಸಬೇಕು ಎಂದು ಹಟ ಹಿಡಿದವನೂ ಅವನೇ, ಅವತ್ತು ಕ್ಲಾರಿ ಬಿದ್ದಿದ್ದನ್ನು ಮೊದಲು ಕಂಡವನೂ ಅವನೇ. ನಲ್ಲಿ ನಿಲ್ಲಿಸಲು ಬಂದೆ, ನೋಡಿದರೆ ಜೀವ ಹೋಗಿತ್ತು, ಏನನ್ನೂ ಮುಟ್ಟದೆ ಮಗಳಿಗೆ ಫೋನ್ ಮಾಡಿದೆ ಎಂದು ಹೇಳಿಕೆ ಕೊಟ್ಟಿದ್ದ.

“ಅಪ್ಪ, ಅವತ್ತು ನೀನು ಬಂದಾಗ ಇಲ್ಲಿ ಕುಂಟೆ ಎಳೆದಿತ್ತಾ?”

ಬ್ಯಾಸಿಲ್ ಗಾಡಿಯ ಮೇಲಿದ್ದ ನೀರಿನ ಕ್ಯಾನನ್ನು ಸರಿಪಡಿಸಿದ. “ಅಂಥ ಹೊತ್ತಲ್ಲಿ ಅದನ್ನ ಯಾರು ನೋಡ್ತಾರೆ? ಹೋಗು ಹೋಗು, ಆಟ ಮುಂದುವರಿಸು. ನಿನ್ನ ಆಟ ನೋಡಿದ್ರೆ ಕ್ಲಾರಿ ಎದ್ದು ಬಂದು ಬೈತಿದ್ದ.”

ಗಾಡಿ ಧೂಳೆಬ್ಬಿಸಿಕೊಂಡು ಹೊರಟುಹೋಯಿತು. ಪಾಪ, ಅಪ್ಪನಿಗೂ ಆ ದಿನ ನೆನೆಸಿಕೊಳ್ಳುವುದು ಬೇಡವಾಗಿದೆ ಎಂದುಕೊಂಡಳು. ಅಪ್ಪ ಬರುವ ಮೊದಲೇ ಯಾರೋ ಬಂದು ಹೋಗಿದ್ದಾರೆ ಎಂಬುದಂತೂ ಖಾತ್ರಿಯಾಯಿತು. ಯಾರು ಆ ಯಾರೋ?

ಊರನ್ನು ಕೇಳಿದ್ದರೆ ಊರು ಒಂದೇ ಬಾಯಲ್ಲಿ ಹೇಳುತ್ತಿತ್ತು: ಡೆಸ್ ಟ್ರೌನ್ಸನ್.

ಡೆಸ್ ಇವತ್ತು ಕರೆಯದೆ ಬಂದಿದ್ದ. ಜೋಡಿಯಾಗಲು ಯಾರೂ ಒಪ್ಪದ್ದರಿಂದ ಎಲ್ಲರಿಗಿಂತ ಹಿಂದೆ, ಒಬ್ಬನೇ ಆಡುತ್ತ ಬರುತ್ತಿದ್ದ. ಅವನೂ ಕ್ಲಾರಿಯೂ ನಲವತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡಂತೆ ಇದ್ದವರು. ಕ್ಲಾರಿ ಸಾಯುವ ಮೊದಲಿನ ಚಳಿಗಾಲ, ಕ್ಲಬ್ಬಿನ ಕಪ್ ಪಂದ್ಯದ ಕೊನೆಯ ಆಟದಲ್ಲಿ, ಕ್ಲಾರಿ ಮರದ ಹಿಂದೆ ಬಿದ್ದ ಚೆಂಡನ್ನು ಕಾಲಿನಿಂದ ಹೊರತಳ್ಳಿ ಮೋಸ ಮಾಡಿದ ಎಂದು ಡೆಸ್ ಎಲ್ಲರೆದುರು ಹೇಳಿಬಿಟ್ಟ. ಅಲ್ಲಿಗೆ ಮುಗಿಯಿತು. ಮಾತಿಲ್ಲ, ಕತೆಯಿಲ್ಲ. ಊರೆಲ್ಲ ಕ್ಲಾರಿಯ ಪಕ್ಷ.

ಸಾಲದ್ದಕ್ಕೆ, ಕ್ಲಾರಿ ಸತ್ತ ಮಧ್ಯಾಹ್ನ ಡೆಸ್‌ನ ಗಾಡಿ ಏಳನೇ ಕುಳಿಯ ಬೇಲಿಯ ಹತ್ತಿರ ನಿಂತಿದ್ದನ್ನು ಟಪಾಲು ವ್ಯಾನಿನವನು ನೋಡಿದ್ದ. ಅದನ್ನು ಅವನು ಬಾಯಿಬಿಟ್ಟದ್ದು ಮೊನ್ನೆ. ಸೋಮವಾರ ನಗರದಿಂದ ಇನ್ಸ್‌ಪೆಕ್ಟರ್ ಬರುತ್ತಾನೆ, ಡೆಸ್‌ನನ್ನು ಕರೆದೊಯ್ಯುತ್ತಾನೆ. ಆಮೇಲೆ ರೊವೀನಾಳ ಮಾತು ಯಾರಿಗೂ ಬೇಕಾಗುವುದಿಲ್ಲ.

ಅವಳು ತನ್ನ ಜೊತೆಯವರನ್ನು ಮುಂದಕ್ಕೆ ಕಳಿಸಿ, ಹತ್ತಿರದ ಮರದ ನೆರಳಿನಲ್ಲಿ ನಿಂತಳು. ಕೆಂಪು ಧೂಳಿನಲ್ಲಿ ಡೆಸ್ ಕುಂಟುತ್ತ ಬಂದ. ಚಿಕ್ಕವಳಿದ್ದಾಗ ಅವಳಿಗೆ ದಾಂಡು ಹಿಡಿಯುವುದನ್ನು ಕಲಿಸಿದವನು ಇವನೇ. ಕಲಿಯದೇ ಹೋದದ್ದು ಅವಳ ತಪ್ಪು.

“ಆಡಬೇಡ, ಮನೆಗೆ ಹೋಗು ಅಂತ ಹೇಳೋಕೆ ನಿಂತಿದ್ದೀಯಾ?” ಎಂದ ಡೆಸ್.

“ಇಲ್ಲ. ನಿಮ್ಮನ್ನ ಒಂದು ಮಾತು ಕೇಳಬೇಕು.”

“ಚೆಂಡನ್ನ ಕಾಲಲ್ಲಿ ತಳ್ಳಿದ್ದು ನಿಜ. ಈಗಲೂ ಅದನ್ನೇ ಹೇಳ್ತೀನಿ.”

“ಅಯ್ಯೋ ಡೆಸ್! ಅವನ ಹೆಸರಿನ ಪಂದ್ಯದಲ್ಲೂ ಅದೇ ರಾಗನಾ?”

“ಅವನು ಸತ್ತ ಅಂತ ಚೆಂಡು ವಾಪಸ್ ಮರದ ಹಿಂದೆ ಹೋಗುತ್ತಾ?” ಡೆಸ್ ಚೀಲವನ್ನು ಕೆಳಗಿಟ್ಟ. ಅವನ ಕಣ್ಣು ಟೋಪಿಯ ಮೇಲೆ ಬಿತ್ತು. “ಹಾಳಾದವನು. ನನ್ನನ್ನ ಒಬ್ಬನೇ ಆಡೋ ಹಾಗೆ ಮಾಡಿ ಹೋದ.”

ಅಳುವವನ ಹಾಗೆ ಕಂಡ. ಆದರೆ ಸೋಮವಾರ ದೂರವಿರಲಿಲ್ಲ.

“ಅವತ್ತು ನಿಮ್ಮ ಗಾಡಿ ಈ ಬೇಲಿ ಹತ್ರ ಯಾಕೆ ನಿಂತಿತ್ತು?”

“ಎಂಜಿನ್ ಬಿಸಿಯಾಗಿತ್ತು. ಹೇಳಿದೀನಲ್ಲ.”

“ಈ ಊರಿನ ಮೆಕ್ಯಾನಿಕ್ ನೀವು. ನಿಮ್ಮ ಗಾಡಿ ದಾರೀಲಿ ನಿಂತಿದ್ದನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ.”

“ಹಾಗಾದ್ರೆ ಈಗ ಕೇಳಿಸ್ಕೋ. ನಿಂತಿತ್ತು.”

“ಸೋಮವಾರ ಬರೋರಿಗೆ ಈ ಕತೆ ಹೇಳಿದ್ರೆ ನಗ್ತಾರೆ. ನಿಮ್ಮನ್ನ ಒಳಗೆ ಹಾಕ್ತಾರೆ ಡೆಸ್! ನಿಮಗೆ ಅರ್ಥ ಆಗ್ತಿದೆಯಾ?”

“ಕಿವುಡಾಗಿಲ್ಲ ನಾನು. ಕಿರುಚಬೇಡ.”

ಅವಳು ಉಸಿರು ಬಿಟ್ಟು, ದನಿ ಇಳಿಸಿದಳು. “ಇವತ್ತು ನನಗೊಂದು ವಿಷಯ ಸಿಕ್ಕಿದೆ. ಕ್ಲಾರಿ ಬಿದ್ದ ಮೇಲೆ ಯಾರೋ ಈ ಗ್ರೀನ್ ಮೇಲೆ ಕುಂಟೆ ಎಳೆದಿದ್ದಾರೆ. ಎಳೆದೋರು ಯಾರೋ, ಅವರ ಕಣ್ಣೆದುರಿಗೇ ಕ್ಲಾರಿ ಬಿದ್ದಿದ್ದ. ಅವರು ಸಿಕ್ಕಿದ್ರೆ ನೀವು ಬಚಾವ್.”

ಡೆಸ್ ಬೆರಗಾಗಬೇಕಿತ್ತು. “ಯಾರದು?” ಎಂದು ಮೇಲೆ ಬೀಳಬೇಕಿತ್ತು. ಅವನು ಬೆರಗಾಗಲಿಲ್ಲ. ಮನಸ್ಸಿನಲ್ಲೇ ಏನನ್ನೋ ಕೂಡಿ ಕಳೆಯುವವನ ಹಾಗೆ ಬೇಲಿಯಾಚೆಯ ಮನೆಯ ಕಡೆ ನೋಡಿದ. ಆಮೇಲೆ ಮುಖದ ಬಣ್ಣ ಇಳಿಯಿತು.

“ಬಿದ್ದ ಮೇಲಾ? ಬಿದ್ದ ಮೇಲೆ ಅಂತ ಖಾತ್ರಿನಾ ನಿನಗೆ?”

“ಖಾತ್ರಿ.”

ಅವನು ತನ್ನ ಟೋಪಿ ತೆಗೆದು ಬೆವರು ಒರೆಸಿಕೊಂಡ. ಮತ್ತೆ ಹಾಕಿಕೊಂಡ. ಮತ್ತೆ ತೆಗೆದ.

“ನಾನೇ ಎಳೆದಿದ್ದು,” ಎಂದ.

ರೊವೀನಾ ಅವನ ಹತ್ತಿರಕ್ಕೆ ಸರಿದಳು. ಇವನನ್ನು ಉಳಿಸಲು ತಾನು ಒದ್ದಾಡುತ್ತಿದ್ದರೆ, ಇವನು ತಾನೇ ಬಂದು ಬಾವಿಗೆ ಹಾರುತ್ತಿದ್ದಾನೆ.

“ಏನಂದ್ರಿ?”

“ನಾನೇ ಕುಂಟೆ ಎಳೆದೆ. ಜಗಳ ಆಯ್ತು, ತಳ್ಳಿದೆ, ಬಿದ್ದ. ಆಮೇಲೆ ಕುಂಟೆ ಎಳೆದು ಹೋದೆ. ಬರ್ಕೋ.”

ನಿಜವಿರಬಹುದೇ? ಇರಬಹುದು. ಗಾಡಿ ಅಲ್ಲೇ ಇತ್ತು, ಸಿಟ್ಟೂ ಇತ್ತು. ಜಗತ್ತು ಮುಳುಗಿದರೂ ಕುಂಟೆ ಎಳೆದು ಹೋಗುವ ಪೈಕಿ ಈ ಡೆಸ್. ಎಲ್ಲವೂ ಹೊಂದಿಕೊಳ್ಳುತ್ತಿತ್ತು. ಅದೇ ಅವಳಿಗೆ ಸರಿಬರಲಿಲ್ಲ. ಈಗಷ್ಟೇ “ಖಾತ್ರಿನಾ?” ಎಂದು ಕೇಳಿದವನು ಇವನೇ ಅಲ್ಲವೇ? ತಾನೇ ಮಾಡಿದ್ದನ್ನು ಯಾರಾದರೂ ಹಾಗೆ ಕೇಳುತ್ತಾರೆಯೇ?

ಮೊಬೈಲನ್ನು ಅವಳು ಮೆಲ್ಲಗೆ ಜೇಬಿನೊಳಗೆ ಇಳಿಸಿದಳು.

“ಹೇಗೆ ಎಳೆದ್ರಿ?”

“ಇನ್ನು ಹೇಗೆ ಎಳೀತಾರೆ? ಕುಳಿಯಿಂದ ಹೊರಗೆ. ಸುತ್ತಾಗಿ.”

“ಕ್ಲಾರಿ ಅಡ್ಡ ಬರಲಿಲ್ವಾ?”

ಡೆಸ್ ಗ್ರೀನಿನ ಕಡೆ ನೋಡಿದ. ಅವನ ಕಣ್ಣು ನೆಟ್ಟಗೆ ಟೋಪಿಯ ಮೇಲೆ ಹೋಗಿ ನಿಂತಿತು.

“ಬಂದ. ತಲೆ ಇತ್ತಲ್ಲ ಮರಳ ಮೇಲೆ. ತಲೆ ಬಿಟ್ಟು ಸುತ್ತ ಎಳೆದೆ.”

“ತಲೆ?”

“ಹೂಂ. ತಲೆ.”

ರೊವೀನಾಗೆ ಒಂದು ಕಡೆ ನಗು, ಒಂದು ಕಡೆ ಅಳು. “ತಲೆ ಹುಲ್ಲಿನ ಮೇಲಿತ್ತು ಡೆಸ್. ನಲ್ಲಿ ಕಂಬದ ಹತ್ರ. ಮರಳ ಮೇಲಿದ್ದಿದ್ದು ಬೇರೆ. ಅವತ್ತು ಇಲ್ಲಿಗೆ ಬಂದೋರಿಗೆಲ್ಲ ಅದು ಗೊತ್ತು. ನೀವು ಇಲ್ಲಿಗೆ ಬಂದೇ ಇಲ್ಲ. ಟೋಪಿ ನೋಡ್ಕೊಂಡು ಕತೆ ಕಟ್ಟಿದ್ರಿ.”

ಡೆಸ್ ಬಗ್ಗಿ ಚೀಲದ ಪಟ್ಟಿಯನ್ನು ಬಿಗಿಮಾಡತೊಡಗಿದ.

“ಯಾರನ್ನ ಬಚಾವ್ ಮಾಡ್ತಿದ್ದೀರಿ?”

“ಯಾರನ್ನೂ ಇಲ್ಲ.”

“ಐವಿನಾ? ಐವಿ ಈ ಜನ್ಮದಲ್ಲಿ ಕುಂಟೆ ಮುಟ್ಟಿದೋಳಲ್ಲ.”

“ಐವಿ ಹೆಸರು ಎತ್ತಬೇಡ!” ಅವನು ಗುಡುಗಿದ್ದಕ್ಕೆ ಮರದ ಮೇಲಿದ್ದ ಗಿಳಿಗಳೆಲ್ಲ ಗದ್ದಲ ಮಾಡಿ ಹಾರಿದವು. ಆಮೇಲೆ ಅವನ ದನಿ ಒಮ್ಮೆಲೇ ಮೆತ್ತಗಾಯಿತು. “ನೋಡು ಮಗಳೇ. ನನ್ನ ಹಿಂದೆ ಮುಂದೆ ಯಾರೂ ಇಲ್ಲ. ನನ್ನನ್ನೇ ಹಿಡ್ಕೊಂಡು ಹೋಗು. ನಿನಗೆ ಅದೇ ಸಲೀಸು.”

“ನನಗಾ? ನನಗೇನು ಸಲೀಸು ಅದ್ರಲ್ಲಿ?”

ಡೆಸ್ ದಾಂಡು ತೆಗೆದುಕೊಂಡು ಗ್ರೀನಿಗೆ ನಡೆದ. ದೂರದಿಂದ ಹೊಡೆದ ಚೆಂಡು ಮರಳಿನ ಮೇಲೆ ಗೆರೆ ಕೊರೆದುಕೊಂಡು ಹೋಗಿ ಕುಳಿಯಲ್ಲಿ ಬಿತ್ತು. ಅವನ ಮುಖದಲ್ಲಿ ಸಂತೋಷವಿರಲಿಲ್ಲ. ಕುಂಟೆ ಹಿಡಿದು, ಟೋಪಿಗೆ ಮರಳಿನ ಒಂದು ಕಣವೂ ತಾಗದಂತೆ ಎಳೆದು, ಹಿಂದಿರುಗಿ ನೋಡದೆ ಹೊರಟ.

ರೊವೀನಾ ಆಟ ಬಿಟ್ಟು, ಮೈದಾನದ ನಡುವೆಯೇ ಕ್ಲಬ್ಬಿನ ಕಡೆ ನಡೆದಳು. ತಲೆ ಕಲಸಿ ಹೋಗಿತ್ತು. ಡೆಸ್ ಐವಿಯನ್ನು ಕಾಪಾಡುತ್ತಿದ್ದಾನೆ ಎಂದರೆ ಒಪ್ಪಬಹುದು. ಅವಳ ಹೆಸರೆತ್ತಿದರೆ ಅವನು ಉರಿದು ಬಿದ್ದದ್ದನ್ನು ಕಣ್ಣಾರೆ ಕಂಡಳು. ಆದರೆ ಐವಿ ಸಿಕ್ಕಿಬಿದ್ದರೆ ತನಗೇಕೆ ಕಷ್ಟವಾಗಬೇಕು? ತನಗೇನಾಗಬೇಕು ಐವಿ? ಆ ಒಂದು ಮಾತು ಯಾವ ಕಡೆಯಿಂದ ಜೋಡಿಸಿದರೂ ಕೂರುತ್ತಿರಲಿಲ್ಲ. ದಾರಿಯಲ್ಲಿ ಎದುರಾದ ಕಾಂಗರೂ ಕೂಡ ಅವಳ ಮುಖ ನೋಡಿ ಪಕ್ಕಕ್ಕೆ ಸರಿಯಿತು.

ಎಲ್ಲರ ಆಟ ಮುಗಿಯುವ ಹೊತ್ತಿಗೆ ಕ್ಲಬ್ಬಿನ ತಗಡಿನ ಮಾಡಿನ ಕೆಳಗೆ ಸಾಸೇಜು ಚುರುಗುಟ್ಟುತ್ತಿತ್ತು. ಈರುಳ್ಳಿ ಹುರಿದ ವಾಸನೆ, ಬಿಯರಿನ ನೊರೆ, ಯಾರ ಚೆಂಡು ಎಲ್ಲಿಗೆ ಹಾರಿತು ಎಂಬ ಬಡಾಯಿ. ಒಂದು ಮೂಲೆಯ ಮೇಜಿಗೆ ಡೆಸ್ ಒಬ್ಬನೇ ಕೂತಿದ್ದ. ಅವನ ಸುತ್ತಲಿನ ಕುರ್ಚಿಗಳೆಲ್ಲ ಖಾಲಿ. ಅವನ ನೇರಕ್ಕೆ, ಕೋಣೆಯ ಆ ಕಡೆ, ಐವಿ ತಟ್ಟೆ ಹಿಡಿದು ಕೂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನೋಡಬಾರದೆಂದು ಪಟ್ಟುಹಿಡಿದ ಹಾಗಿತ್ತು.

ಬಹುಮಾನದ ಹೊತ್ತಾಯಿತು. ಬ್ಯಾಸಿಲ್ ಕ್ವಿಲ್ಟಿ ಕ್ಲಾರಿಯ ಹೆಸರು ಕೆತ್ತಿಸಿದ ಹೊಸ ಕಪ್ಪನ್ನು ಹಿಡಿದು ನಿಂತ. ಮಾತಾಡುವ ಮೊದಲು ಗಂಟಲು ಸರಿಮಾಡಿಕೊಂಡ.

“ಕ್ಲಾರಿ ಬಗ್ಗೆ ಭಾಷಣ ಮಾಡೋಷ್ಟು ಧೈರ್ಯ ನನಗಿಲ್ಲ. ಮಾಡಿದ್ರೆ ಅವನೇ ನಗ್ತಿದ್ದ. ಕಪ್ ಯಾರಿಗೆ ಅಂದ್ರೆ, ನಿಮಗೂ ನಂಬೋಕಾಗಲ್ಲ, ನಮ್ಮ ಲಾನ್ಸ್‌ಗೆ.”

“ಮೋಸ!” ಎಂದು ಯಾರೋ ಹಿಂದಿನಿಂದ ಕೂಗಿದರು. ಎಲ್ಲರೂ ನಕ್ಕರು. ಲಾನ್ಸ್ ತಾನೇ ಅತ್ಯಂತ ಜೋರಾಗಿ ನಗುತ್ತ ಎದ್ದ. ಅವನು ಕಪ್ಪಿಗೆ ಕೈ ಚಾಚುವಷ್ಟರಲ್ಲಿ ಮೂಲೆಯ ಕುರ್ಚಿ ಸದ್ದು ಮಾಡಿತು.

“ಕ್ಯಾಪ್ಟನ್, ಒಂದು ನಿಮಿಷ. ನಂದೊಂದು ಮಾತಿದೆ.”

ಡೆಸ್ ಎದ್ದು ನಿಂತಿದ್ದ.

“ಡೆಸ್, ಬೇಡ,” ಎಂದಳು ರೊವೀನಾ.

“ಇವಳು ನನ್ನ ಮಾತು ನಂಬಲ್ಲ. ಅದಕ್ಕೆ ಎಲ್ರ ಮುಂದೆ ಹೇಳ್ತಿದೀನಿ. ಕ್ಲಾರಿನ ತಳ್ಳಿದ್ದು ನಾನು. ಸೋಮವಾರದ ತನಕ ಯಾಕೆ ಕಾಯ್ಬೇಕು?”

ಕೋಣೆ ಒಡೆದ ಜೇನುಗೂಡಾಯಿತು. ಕುಡಿದಿದ್ದಾನೆ ಎಂದರು ಕೆಲವರು. ನಾನು ಮೊದಲೇ ಹೇಳಿದ್ದೆ ಎಂದರು ಹಲವರು. ಲಾನ್ಸ್ ಕಪ್ಪಿಗೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದನ್ನೂ ಮರೆತು ನಿಂತಿದ್ದ. ಬ್ಯಾಸಿಲ್ ಮಾತ್ರ ಅಲ್ಲಾಡಲಿಲ್ಲ.

“ಸುಳ್ಳು!” ರೊವೀನಾ ಮೇಜು ಬಡಿದಳು. “ಎಲ್ಲರೂ ಕೇಳಿ. ಇವರು ಹೇಳ್ತಿರೋದು ಸುಳ್ಳು. ಇವರು ಅವತ್ತು ಆ ಗ್ರೀನಿಗೆ ಕಾಲೇ ಇಟ್ಟಿಲ್ಲ.”

“ಮತ್ತೆ ಗಾಡಿ ಯಾಕಿತ್ತು ಅಲ್ಲಿ?” ಎಂದು ಯಾರೋ ಕೇಳಿದರು. “ಅದನ್ನ ಹೇಳು ಸಾರ್ಜೆಂಟ್!”

ಅದು ಅವಳಿಗೂ ಗೊತ್ತಿರಲಿಲ್ಲ.

“ನಾನು ಹೇಳ್ತೀನಿ.”

ಐವಿ ಪೆಂಗೆಲ್ಲಿ ತಟ್ಟೆಯನ್ನು ಪಕ್ಕಕ್ಕಿಟ್ಟು ಎದ್ದಳು. ಮುಖ ಕೆಂಪಗಾಗಿತ್ತು, ದನಿ ಮಾತ್ರ ಗಟ್ಟಿ.

“ಐವಿ, ಬೇಡ,” ಎಂದ ಡೆಸ್. “ದಮ್ಮಯ್ಯ ಅಂತೀನಿ. ಕೂತ್ಕೋ.”

“ನೀನು ಬಾಯಿ ಮುಚ್ಚು ಡೆಸ್ ಟ್ರೌನ್ಸನ್. ಒಂದು ವರ್ಷ ನಿನ್ನ ಮಾತು ಕೇಳಿ ಸುಮ್ಮನಿದ್ದೆ. ಸಾಕು. ನೀನು ಜೈಲಿಗೆ ಹೋಗೋದನ್ನ ನೋಡ್ತಾ ನಾನು ಸಾಸೇಜ್ ತಿನ್ಕೊಂಡು ಕೂರಲಾ?” ಅವಳು ಜನರ ಕಡೆ ತಿರುಗಿದಳು. “ಅವತ್ತು ಮಧ್ಯಾಹ್ನ ಇವನು ನನ್ನ ಅಡುಗೆಮನೇಲಿದ್ದ. ನಾನೇ ಕರೆಸಿದ್ದೆ. ಅದಕ್ಕೇ ಗಾಡಿ ಬೇಲಿ ಹತ್ರ ಇತ್ತು. ಗಂಡ ಇಲ್ಲದಾಗ ಯಾಕೆ ಕರೆಸಿದ್ದೆ ಅಂತ ಯಾರಿಗಾದ್ರೂ ಕೇಳಬೇಕು ಅನ್ಸಿದ್ರೆ ಎದುರಿಗೆ ಬಂದು ಕೇಳಿ. ನಾಚ್ಕೊಳೋ ವಯಸ್ಸು ನಂದು ದಾಟಿದೆ.”

ಯಾರೂ ಎದುರಿಗೆ ಬರಲಿಲ್ಲ. ಸಾಸೇಜು ಕರಕಾಗುತ್ತಿದ್ದರೂ ತಿರುಗಿಸುವವರಿರಲಿಲ್ಲ.

ರೊವೀನಾ ಐವಿಯ ಹತ್ತಿರ ಬಂದಳು. ಡೆಸ್ ಉಳಿದ. ಸೋಮವಾರ ಯಾರೇ ಬರಲಿ, ಇನ್ನು ಅವನನ್ನು ಮುಟ್ಟುವಂತಿಲ್ಲ. ಆದರೆ ಇಷ್ಟನ್ನು ಹೇಳಲು ಒಂದು ವರ್ಷ ಬೇಕಿತ್ತೇ?

“ಇದನ್ನ ಮೊದಲೇ ಹೇಳಿದ್ರೆ ಇವರಿಗೆ ಇಷ್ಟು ಕಾಟ ಇರ್ತಿರಲಿಲ್ಲ ಐವಿ. ಯಾಕೆ ಹೇಳಲಿಲ್ಲ?”

“ಇದನ್ನ ಹೇಳಿದ್ರೆ ಇನ್ನೊಂದನ್ನೂ ಹೇಳಬೇಕಾಗಿತ್ತು.”

“ಇನ್ನೊಂದಾ?”

“ನನ್ನ ಅಡುಗೆಮನೆ ಕಿಟಕಿ ಯಾವ ಕಡೆಗಿದೆ ಅಂತ ನಿನಗೆ ಗೊತ್ತಲ್ಲ.”

ಗೊತ್ತಿತ್ತು. ನೇರ ಏಳನೇ ಗ್ರೀನಿನ ಕಡೆಗೆ. 

“ಒಬ್ಬರು ಕುಂಟೆ ಎಳೀತಿದ್ರು,” ಎಂದಳು ಐವಿ. “ದಿಬ್ಬ ಅಡ್ಡ ಇದೆ, ಸೊಂಟದಿಂದ ಕೆಳಗೆ ಕಾಣಲ್ಲ. ಬೆನ್ನು ಕಂಡಿತು, ಸುತ್ತು ಹಾಕ್ತಾ ಇದ್ದಿದ್ದು ಕಂಡಿತು. ಕ್ಲಾರಿ ಜೊತೆ ಆಡಿ ಎಳೀತಿದ್ದಾರೆ, ಇನ್ನೇನು ಇಬ್ರೂ ಚಹಾಕ್ಕೆ ಬರ್ತಾರೆ ಅಂದ್ಕೊಂಡ್ವಿ. ಕ್ಲಾರಿ ಅಲ್ಲೇ ಕೆಳಗೆ ಬಿದ್ದಿದ್ದಾನೆ ಅಂತ ನಮಗೇನು ಗೊತ್ತು? ಕುಂಟೆ ಎಳೆದೋರು ಎಳೆದು ಮುಗಿಸಿ, ಆಮೇಲೆ ತಾನೆ ಫೋನ್ ತೆಗೆದಿದ್ದು.”

“ಫೋನ್...”

ಅವತ್ತು ಆ ಗ್ರೀನಿನಿಂದ ಫೋನ್ ಬಂದದ್ದು ಒಂದೇ. ಬಂದದ್ದು ರೊವೀನಾಗೇ.

ಐವಿ ಅವಳನ್ನು ನೋಡುತ್ತಿರಲಿಲ್ಲ. ಅವಳ ಹೆಗಲಾಚೆಗೆ ನೋಡುತ್ತಿದ್ದಳು.

“ಬ್ಯಾಸಿಲ್, ನಿನ್ನ ಮಗಳಿಗೆ ನೀನೇ ಹೇಳ್ತೀಯೋ, ನಾನು ಹೇಳ್ಲೋ?”

ರೊವೀನಾ ತಿರುಗಿದಳು. ಅಪ್ಪ ಕಪ್ಪನ್ನು ಮೇಜಿನ ಮೇಲಿಟ್ಟು, ಎರಡೂ ಕೈಯನ್ನು ಮೇಜಿಗೆ ಊರಿ ನಿಂತಿದ್ದ. ಒಂದೇ ಗಳಿಗೆಯಲ್ಲಿ ಮುದುಕನಾಗಿಬಿಟ್ಟಿದ್ದ. ಡೆಸ್ ಹೇಳಿದ ಸಲೀಸು ಎಂಬ ಮಾತು ಈಗ ಅವಳಿಗೆ ಅರ್ಥವಾಯಿತು. ಅರ್ಥವಾಗದೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತು.

ಕೇಳಬೇಕಾದದ್ದನ್ನು ಪೊಲೀಸಿನವಳು ಕೇಳಬೇಕಿತ್ತು. ಕೇಳಿದ್ದು ಮಗಳು.

“ಅಪ್ಪ, ನೀನು ಬರೋಷ್ಟರಲ್ಲಿ ಅವನು ಸತ್ತಿದ್ದ, ಅಲ್ವಾ? ನೋಡಿದ ಗಾಬರಿಗೆ ಏನು ಮಾಡಬೇಕೋ ತೋಚಲಿಲ್ಲ. ಕೈ ಅದರ ಪಾಡಿಗೆ ಅದು ಕುಂಟೆ ಹಿಡೀತು. ನಮ್ಮಲ್ಲಿ ಯಾರಾದ್ರೂ ಹಾಗೇ ಮಾಡ್ತಿದ್ರು. ಅಷ್ಟೇ ತಾನೆ?” ಅವಳು ಅಪ್ಪನ ತೋಳು ಹಿಡಿದಳು. “ಸತ್ತ ಮೇಲೆ ಎಳೆದಿದ್ದು ಅಂತ ಹೇಳು ಅಪ್ಪ. ಅಷ್ಟು ಹೇಳು, ಸಾಕು.”

ಬ್ಯಾಸಿಲ್ ಮಗಳ ಮುಖವನ್ನು ನೋಡಿದ.

“ಇಲ್ಲ ರೋ,” ಎಂದ. “ನಾನು ಕುಂಟೆ ಎಳೆಯೋವಾಗ ಕ್ಲಾರಿ ಇನ್ನೂ ಉಸಿರಾಡ್ತಿದ್ದ.”